ಉಡಿ ತುಂಬಿ ಹೋದ ಕಳ್ಳ

ಆಗಸ್ಟ್ ತಿಂಗಳ ಕೊನೆಯ ಶುಕ್ರವಾರ, ಬೆಳಗಿನ ಹನ್ನೊಂದೂ ಹತ್ತಕ್ಕೆ ಗೋಕಾಕದ ಪೊಲೀಸ್ ಠಾಣೆಗೆ ಬಂದ ದೂರು ಒಂದು ಜೊತೆ ಬೂಟಿನದು. ಬೂಟು ಹೋಯಿತೆಂದು ಯಾರಾದರೂ ಠಾಣೆ ಮೆಟ್ಟಿಲು ಹತ್ತುತ್ತಾರೆಯೇ? ಗುಡಿ ಬಾಗಿಲಲ್ಲಿ ದಿನಾ ಎಷ್ಟು ಚಪ್ಪಲಿ ಕಾಲು ಬಂದು ನಡೆದುಹೋಗುತ್ತವೋ, ಒಳಗಿನ ದೇವರಿಗೂ ಗೊತ್ತಿಲ್ಲ. ಹೆಡ್ ಕಾನ್‌ಸ್ಟೆಬಲ್ ಖಂಡೆಪ್ಪ ಕಿಸಕ್ಕನೆ ನಕ್ಕುಬಿಟ್ಟ.

"ಬೂಟ್ ಏನ್ರಿ ಅಕ್ಕಾರ? ಹೊಸಾವ ತಗೊಂಡ್ರ ಆತ ಬಿಡ್ರಿ."

ದೂರು ತಂದ ಹೆಣ್ಣುಮಗಳು ನಗಲಿಲ್ಲ. ಕೂತಲ್ಲೇ ಎಡಗಾಲಿನ ಚಪ್ಪಲಿ ಕಳಚಿ ಪಾದವನ್ನು ಮುಂದೆ ಚಾಚಿದಳು. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ.

"ಹಿಮದಾಗ ಸತ್ತ ಹೋದ್ವು, ಡಾಕ್ಟರು ಕತ್ತರಿಸಿದ್ರು. ಈ ಕಾಲಿನ ಅಳತಿ ಕೊಟ್ಟು ಮಾಡಿಸಿದ ಬೂಟ್ ಅವು. ಮತ್ತೊಂದ ಜೋಡಿ ಬರಾಕ ಅರ್ಧಾ ವರ್ಷ ಬೇಕು. ಸೋಮವಾರ ಸಂಜಿಗೆ ಹಿಮಾಲಯಕ್ಕ ಹೋಗಾಕ ನನ್ನ ಗಾಡಿ ಐತಿ."

ಖಂಡೆಪ್ಪನ ನಗೆ ಮೀಸೆಯೊಳಗೇ ಇಂಗಿತು. ಒಳಗಿನ ಮೇಜಿನಿಂದ ಪಿಎಸ್‌ಐ ದಾಕ್ಷಾಯಿಣಿ ಹೊಸಮನಿ ತಲೆಯೆತ್ತಿ ನೋಡಿ, ತಾನೇ ಎದ್ದು ಬಂದಳು. ರೂಪಾಲಿ ಚೌಗಲಾ! ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ಶಾಂತಿನಾಥ ಚೌಗಲಾ ಎಂಬ ರೈತನ ಮಗಳು. ತಂದೆ ಹೋಗಿ ಬಹಳ ವರ್ಷವಾಯಿತು. ಈಕೆ ಹಿಮಾಲಯದ ಶಿಖರಗಳನ್ನು ಹತ್ತುತ್ತಾಳೆ, ಸಿಲಿಂಡರಿನ ಗೊಡವೆಯಿಲ್ಲದೆ ಒಂದೇ ಉಸಿರಲ್ಲಿ ಸಮುದ್ರದ ಆಳಕ್ಕಿಳಿದು ಬರುತ್ತಾಳೆ. ಊರಲ್ಲಿದ್ದಾಗಲೂ ಸುಮ್ಮನೆ ಕೂರುವ ಜೀವವಲ್ಲ. ಯೋಗಿಕೊಳ್ಳದ ಬಂಡೆ ಹತ್ತಬೇಕು, ಘಟಪ್ರಭೆಯಲ್ಲಿ ಮುಳುಗಿ ಹರಿದ ಬಲೆ, ಬಾಟಲಿ, ಚೀಲ ಎಳೆದು ದಡಕ್ಕೆ ಹಾಕಬೇಕು. ಬಲೆಯಲ್ಲಿ ಸಿಕ್ಕ ಆಮೆ ಕಂಡರಂತೂ ಊಟ ಮರೆತು ಬಿಡಿಸುತ್ತ ಕೂರುವವಳು. ಹೋದ ವರ್ಷ ನದಿಯಲ್ಲಿ ಮುಳುಗಿಹೋದ ಹುಡುಗನೊಬ್ಬನ ದೇಹ ಯಾರ ಕೈಗೂ ಸಿಗದೆ ಅವನ ತಾಯಿ ದಡದಲ್ಲಿ ಹೊರಳಾಡುತ್ತಿದ್ದಾಗ, ಕರೆದ ಮರುಗಳಿಗೆ ಬಂದು ಮುಳುಗಿ ಎತ್ತಿ ತಂದಿದ್ದಳು. ಒಂದು ಕಪ್ಪು ಚಹಾ ಕೂಡ ಕುಡಿಯದೆ ಹೋಗಿದ್ದಳು. ಠಾಣೆಯ ಮೇಲೆ ಅವಳ ಋಣವಿತ್ತು, ದಾಕ್ಷಾಯಿಣಿ ಅದನ್ನು ಮರೆತಿರಲಿಲ್ಲ.

"ಖಂಡೆಪ್ಪಾ, ಎಫ್‌ಐಆರ್ ಮಾಡು. ಮನಿಯೊಳಗಿನ ಕಳವು, ಬಿಎನ್‌ಎಸ್ ಕಲಂ ಮುನ್ನೂರಾ ಐದು. ಚಹಾ ತರಸು. ಈ ಸಲಾ ಕುಡೀಲಾರದ ಹೋಗಾಕ ಬಿಡಂಗಿಲ್ಲ."

ಮಧ್ಯಾಹ್ನ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೋದರು. ಫಾಲ್ಸ್ ರಸ್ತೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ರೂಪಾಲಿ ಬಂಡೆ ಹತ್ತಲು ಹೋಗಿದ್ದಳು, ತಾಯಿ ಇಂದುಬಾಯಿ ಬಸದಿಗೆ ಹೋಗಿದ್ದರು. ಕೀಲಿ ಒಡೆದಿರಲಿಲ್ಲ. ಬಾಗಿಲ ಮೇಲಿನ ಸಂದಿಯಲ್ಲಿಟ್ಟ ಕೀಲಿಕೈಯಿಂದಲೇ ತೆಗೆದು, ಒಳಹೋಗಿ, ಮತ್ತೆ ಕೀಲಿ ಹಾಕಿ, ಕೀಲಿಕೈಯನ್ನು ಇದ್ದಲ್ಲೇ ಇಟ್ಟು ಹೋಗಿದ್ದ ಪುಣ್ಯಾತ್ಮ. ಕ್ಯಾಮೆರಾ, ಕೈಗಡಿಯಾರ, ಇಂದುಬಾಯಿಯವರ ಬಂಗಾರದ ಬಿಲ್ವಾರ ಬಳೆ, ಒಂದನ್ನೂ ಮುಟ್ಟಿರಲಿಲ್ಲ. ಟ್ರಂಕಿನಲ್ಲಿ ಬೂಟಿನ ಕೆಂಪು ಚೀಲ ಕಾಣದ್ದೇ ತಡ, ಒಳಗೆ ಬೇರೇನಿದೆಯೆಂದೂ ನೋಡದೆ ಮುಚ್ಚಿ ರೂಪಾಲಿ ಠಾಣೆಗೆ ಓಡಿಬಂದಿದ್ದಳು.

"ಟ್ರಂಕ್ ತಗೀರಿ," ಅಂದಳು ದಾಕ್ಷಾಯಿಣಿ.

ಬೂಟಿನ ಚೀಲ ಇದ್ದ ಜಾಗ ಬರಿದಾಗಿರಲಿಲ್ಲ. ಹೊಸ ಕುಬಸದ ಖಣ ಹಾಸಿ, ಅದರ ಮೇಲೆ ಐದು ಬೊಗಸೆಯಷ್ಟು ಜೋಳ ಸುರಿದು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಎಲ್ಲವನ್ನೂ ಒಪ್ಪವಾಗಿ ಇಟ್ಟಿದ್ದರು.

"ಅಗಾ ಬಾಯಿ! ಮಾಟಾ ಮಾಡಿ ಹೋಗ್ಯಾರ!" ಇಂದುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪಂಚರಿಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ಖಂಡೆಪ್ಪ ಎರಡು ಹೆಜ್ಜೆ ಸರಿದ.

"ಮಾಟಕ್ಕ ಉತ್ತತ್ತಿ ಇಡ್ತಾರೇನ್ರಿ ಬಾಯಾರ?" ದಾಕ್ಷಾಯಿಣಿ ಮೊಳಕಾಲೂರಿ ಕೂತಳು. "ಇದು ಉಡಿ."

ಹೆಣ್ಣುಮಗಳು ಮನೆಯಿಂದ ಹೊರಡುವಾಗ ಉಡಿ ತುಂಬಿ ಕಳಿಸುವುದು ಈ ಕಡೆಯ ರೂಢಿ. ಎಷ್ಟು ಬಡವರಾದರೂ ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಆದರೆ ಕಳ್ಳನೊಬ್ಬ ಕದ್ದ ಜಾಗಕ್ಕೆ ಉಡಿ ತುಂಬಿ ಹೋದದ್ದನ್ನು ದಾಕ್ಷಾಯಿಣಿ ತನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಇವನು ಈಕೆಯನ್ನು ಮನೆಮಗಳು ಅಂದುಕೊಂಡವನು. ಮನೆಮಗಳ ವಸ್ತು ತೆಗೆದು ಜಾಗ ಬರಿದು ಮಾಡಿ ಹೋಗಲು ಕೈ ಬಂದಿಲ್ಲ. ಮನೆಯಿಂದ ಹೊರಡುವಾಗಲೇ ಇದೆಲ್ಲ ಗಂಟು ಕಟ್ಟಿಕೊಂಡು ಬಂದಿದ್ದಾನೆಂದರೆ ಯೋಚಿಸಿಯೇ ಬಂದಿದ್ದಾನೆ. ಎಲ್ಲವನ್ನೂ ಪಂಚರ ಮುಂದೆ ಜಪ್ತು ಮಾಡಿ, ಮೊಹರು ಹಾಕಿಸಿ, ಜೋಳದಲ್ಲಿ ಒಂದು ಹಿಡಿಯನ್ನು ಮಾತ್ರ ಮಾದರಿಯೆಂದು ಬೇರೆ ಪೊಟ್ಟಣದಲ್ಲಿ ತೆಗೆದಿಟ್ಟಳು.

"ನೀವು ಹೋಗೂದ ಬ್ಯಾಡ ಅನ್ನಾವ್ರು ಯಾರಾರ ಅದಾರೇನ್ರಿ?"

ರೂಪಾಲಿ ನಕ್ಕಳು. "ಯಾರಿಲ್ಲ ಹೇಳ್ರಿ! ಅವ್ವ, ಕಾಕಾ, ಬಾಜೂಮನಿ ಅಜ್ಜಿ..."

"ಕಾಕಾನ ಹೆಸರು?"

"ಗೊಮ್ಮಟೇಶ. ಬಾಗೇವಾಡ್ಯಾಗ ಇರ್ತಾರ."

ಖಂಡೆಪ್ಪನ ಪ್ರಕಾರ ಕೇಸು ಅಲ್ಲಿಗೇ ಮುಗಿದಿತ್ತು. ಜೀಪು ಬೆಲ್ಲದ ಬಾಗೇವಾಡಿ ಮುಟ್ಟುವ ತನಕ ಅವನು ಕಾಕಾನನ್ನು ಮನಸ್ಸಿನಲ್ಲೇ ನಾಲ್ಕು ಸಲ ಅರೆಸ್ಟು ಮಾಡಿದ್ದ. ಗೊಮ್ಮಟೇಶ ಚೌಗಲಾ ಎತ್ತರದ ಆಳು, ಮಾತು ಖಡಕ್ಕು. ಪೊಲೀಸರನ್ನು ನೋಡಿ ಹೆದರಲೂ ಇಲ್ಲ, ಕುರ್ಚಿ ಕೊಡಲು ಮರೆಯಲೂ ಇಲ್ಲ.

"ಬೆಳಿಗ್ಗೆ ಎಲ್ಲಿದ್ರಿ?"

"ಸೊಸಾಯಿಟಿ ಮೀಟಿಂಗನ್ಯಾಗ. ನಲವತ್ತ ಮಂದಿ ನೋಡ್ಯಾರ, ಕೇಳ್ರಿ."

"ರೂಪಾಲಿ ಹೋಗಬಾರದು ಅಂತ ಅಂದಿದ್ರೇನು?"

"ಅಂದೇನ್ರಿ. ಈಗೂ ಅಂತೇನಿ. ಆದ್ರ ನಾ ಕಳವು ಮಾಡಾವ ಆಗಿದ್ರ ಬೂಟ್ ಯಾಕ ಒಯ್ಯಲಿ? ಆಕಿನ್ನ ಕೋಲ್ಯಾಗ ಹಾಕಿ ಕೀಲಿ ಜಡೀತಿದ್ದೆ!" ಹಾಗೆ ಗದರಿದವನು ಗೋಡೆಯ ಕಡೆ ಕೈ ಮಾಡಿದ. ಅಲ್ಲಿ ಹಿಮದ ಮೇಲೆ ಬಾವುಟ ಹಿಡಿದು ನಿಂತ ರೂಪಾಲಿಯ ಫೋಟೋ ತೂಗುತ್ತಿತ್ತು, ಅವತ್ತಿನ ಹೂವಿನ ಹಾರ ಹಾಕಿತ್ತು. ಸತ್ತವರ ಫೋಟೋಕ್ಕೆ ಹಾಕುವ ಹಾರವನ್ನು ಇದ್ದವಳಿಗೆ ಹಾಕಿದ್ದಕ್ಕೆ ಮನೆಯವರೆಲ್ಲ ಬೈದರೂ ಕಾಕಾ ಕೇಳಿಲ್ಲವಂತೆ.

ದಾಕ್ಷಾಯಿಣಿ ಪೊಟ್ಟಣ ಬಿಚ್ಚಿ ತೋರಿಸಿದಳು. ಗೊಮ್ಮಟೇಶ ಮೂಗು ಸಿಂಡರಿಸಿದ. "ಉಡಿಗೆ ಜೋಳಾ? ನಮ್ಮ ಮನ್ಯಾಗ ಅಕ್ಕಿ, ಇಲ್ಲಾ ಗೋದಿ. ಅದೂ ಇಂಥಾ ನಾತ ಹೊಡ್ಯೂ ಜೋಳ! ಮೂಸಿ ನೋಡ್ರಿ."

ಅವಳು ಮೂಸಿದಳು. ಆ ಕ್ಷಣಕ್ಕೆ ಅವಳು ಪಿಎಸ್‌ಐ ಆಗಿ ಉಳಿಯಲಿಲ್ಲ. ಅಜ್ಜಿಯ ಮನೆಯ ಅಂಗಳದಲ್ಲಿ ನಿಂತ ಸಣ್ಣ ಹುಡುಗಿಯಾದಳು. ಹಗೇವಿನ ಜೋಳ! ನೆಲ ಅಗೆದು ಮಣ್ಣಿನ ಹರವಿಯ ಆಕಾರದಲ್ಲಿ ಮಾಡಿದ ಆ ಕಾಳಿನ ಗುಂಡಿಯ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ತಿಂಗಳುಗಟ್ಟಲೆ ಇಟ್ಟ ಜೋಳಕ್ಕೆ ಈ ಕಮಟು ಹುಳಿ ವಾಸನೆ ಬಂದೇ ಬರುತ್ತದೆ. ಈಗ ಚೀಲ, ಡ್ರಮ್ಮು ಬಂದ ಮೇಲೆ ಹಗೇವು ಯಾರಿಗೆ ಬೇಕು? ಕಬ್ಬಿಗೆ ನೀರು ಹರಿದು ನೆಲವೇ ತೊಯ್ದು ನಿಂತಿರುವಾಗ, ಎತ್ತರದ ಗರಸು ನೆಲದ ಒಂದೋ ಎರಡೋ ಮನೆಗಳಲ್ಲಿ ಉಳಿದಿದ್ದರೆ ಹೆಚ್ಚು.

ಶನಿವಾರ ಬೆಳಿಗ್ಗೆ ರೂಪಾಲಿಯನ್ನು ಠಾಣೆಗೆ ಕರೆಸಿ ಅದೇ ಪೊಟ್ಟಣ ಮುಂದಿಟ್ಟಳು.

"ಈ ಜೋಳದ ರೊಟ್ಟಿ ಎಲ್ಲಿ ಉಂಡೀರಿ?"

ರೂಪಾಲಿ ಮೂಸಿದಳು. ಮುಖದ ಬಣ್ಣ ಬದಲಾಯಿತು. ಪೊಟ್ಟಣ ಮಡಚಿ ಹಿಂದಕ್ಕೆ ಸರಿಸಿದಳು.

"ಮೇಡಂ, ನಾ ಕಂಪ್ಲೇಂಟ್ ಹಿಂದಕ ತಗೋತೇನಿ."

"ಬೂಟು?"

"ಹೋಗ್ಲಿ ಬಿಡ್ರಿ."

"ಎಫ್‌ಐಆರ್ ಕೋರ್ಟಿಗೆ ಮುಟ್ಟೇತಿ ತಂಗಿ. ಅದು ನಿಮ್ಮ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ. ಹೆಸರು ಹೇಳ್ರಿ."

ಕೊನೆಗೆ ರೂಪಾಲಿ ಹೆಸರು ಹೇಳಿದಳು. ಮಾಲಿಂಗಪ್ಪ. ಮೂಡಲಗಿ ತಾಲೂಕಿನ ಮಸಗುಪ್ಪಿಯ ರೈತ. ಎರಡು ವರ್ಷದ ಹಿಂದೆ ಆ ಊರಿನ ಶಾಲೆಯಲ್ಲಿ ಮಕ್ಕಳಿಗೆ ನದಿ, ಆಮೆಗಳ ಬಗ್ಗೆ ಹೇಳಲು ಹೋಗಿದ್ದಾಗ ಹೊಲದ ಬಾವಿಯಿಂದ ಚೀರಾಟ ಕೇಳಿಸಿತ್ತು. ಮಾಲಿಂಗಪ್ಪನ ಮಗಳು ನಂದಿನಿ ಬಿದ್ದಿದ್ದಳು, ತಾಯಿಯಿಲ್ಲದ ಕೂಸು. ರೂಪಾಲಿ ಮೂರನೆಯ ಸಲ ಮುಳುಗಿದಾಗ ಕೂಸು ಕೈಗೆ ಸಿಕ್ಕಿತು, ಬದುಕಿತು. ಅವತ್ತಿನಿಂದ ಪ್ರತಿ ಪಂಚಮಿಗೂ ಮಾಲಿಂಗಪ್ಪ ಬಂದು, ಸ್ವಂತ ತಂಗಿಯನ್ನು ತವರಿಗೆ ಕರೆದೊಯ್ಯುವ ಹಾಗೆ ಮಸಗುಪ್ಪಿಗೆ ಕರೆದೊಯ್ಯುತ್ತಿದ್ದ.

"ನಾನೂ ಬರ್ತೇನ್ರಿ," ಅಂದಳು ರೂಪಾಲಿ. "ನಾ ಕೇಳಿದ್ರ ಕೊಟ್ಟಬಿಡ್ತಾನ."

ಮಗಳು ಎಲ್ಲಿಗೆ ಹೊರಟಳೋ ಎಂದು ಇಂದುಬಾಯಿಯೂ ಜೀಪು ಹತ್ತಿದರು. ಮೂಡಲಗಿ ಠಾಣೆಗೆ ಫೋನಿನಲ್ಲಿ ತಿಳಿಸಿ, ಹಗೇವು ಹುಡುಕಬೇಕಾದೀತೆಂದು ಹಗ್ಗ, ಬ್ಯಾಟರಿ ಹಾಕಿಕೊಂಡು ಹೊರಟರು. ಮಸಗುಪ್ಪಿ ಮುಟ್ಟಿದಾಗ ಹನ್ನೆರಡಾಗಿತ್ತು. ಊರ ತಲೆಯ ಮೇಲಿನ ಮನೆ. ಬಾಗಿಲಲ್ಲಿ ಮಾಲಿಂಗಪ್ಪನ ತಾಯಿ ಕಾಶೆವ್ವ ಮೊರ ಹಿಡಿದು ಕೂತಿದ್ದಳು.

"ಮಾಲಿಂಗಪ್ಪ ಎಲ್ಲಿ?"

"ಈಗರ ಇಲ್ಲೇ ಇದ್ದನ್ರಿ. ನಿಮ್ಮ ಜೀಪ್ ಕಂಡ ಕೂಡ್ಲೆ ಹಿತ್ತಲಕ್ಕ ಓಡಿದ."

ಓಡಿಹೋದ ಎಂದು ಖಂಡೆಪ್ಪ ಬೇಲಿ ಹಾರಲು ಸಿದ್ಧನಾದ. ದಾಕ್ಷಾಯಿಣಿ ಹಿತ್ತಲಿಗೆ ಬಂದು ನಿಂತವಳು ಬೇಲಿ ನೋಡಲಿಲ್ಲ, ನೆಲ ನೋಡಿದಳು. ಹಗೇವಿನ ಕಲ್ಲು ಆಗತಾನೇ ಸರಿದಿತ್ತು, ಬಾಯಿಯ ಸುತ್ತ ಹಸಿ ಮಣ್ಣು ಉದುರಿತ್ತು. ಬ್ಯಾಟರಿ ಬಿಟ್ಟು ಇಣುಕಿದರೆ, ಎರಡಾಳಿನ ಆಳದಲ್ಲಿ ಕೆಂಪು ಚೀಲವೊಂದನ್ನು ಎದೆಗವಚಿಕೊಂಡು ಮಾಲಿಂಗಪ್ಪ ಗೋಡೆಗೊರಗಿ ಬಿದ್ದಿದ್ದ. ಕೂಗಿದರೆ ಓಗೊಡಲಿಲ್ಲ.

ಹಗೇವು ತೆರೆದ ಕೂಡಲೇ ಇಳಿಯಬಾರದು ಎಂಬುದು ಹಗೇವಿದ್ದ ಮನೆಯ ಎಲ್ಲರಿಗೂ ಗೊತ್ತು. ಒಳಗಿನ ಗಾಳಿ ಸತ್ತಿರುತ್ತದೆ. ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಇಳಿಯಬೇಕು. ಚೀಲ ಬಚ್ಚಿಡುವಾಗ ಮೇಲಿನಿಂದಲೇ ಬೀಳಿಸಿದ್ದ ಮನುಷ್ಯ, ಪೊಲೀಸರು ಕೇಳುವ ಮೊದಲೇ ತಂದು ಕೊಟ್ಟುಬಿಡೋಣವೆಂಬ ಅವಸರದಲ್ಲಿ ಹುಟ್ಟಿದಾರಭ್ಯ ತಿಳಿದದ್ದನ್ನು ಮರೆತು ಇಳಿದಿದ್ದ.

"ನನ್ನ ಮಗಾ!" ಎಂದು ಕಾಶೆವ್ವ ಮೊರ ಎಸೆದು ಬಂದಳು. ಖಂಡೆಪ್ಪ ಬೆಲ್ಟು ಬಿಚ್ಚಿ ಇಳಿಯಲು ಹೊರಟ. ದಾಕ್ಷಾಯಿಣಿ ಅವನ ಕಾಲರು ಹಿಡಿದು ಎಳೆದಳು. "ನೀನೂ ಹೆಣಾ ಆಗ್ತಿ! ಒಂದನೂರಾ ಎಂಟಕ್ಕ ಫೋನ್ ಹಚ್ಚು!"

ಅಷ್ಟರಲ್ಲಿ ರೂಪಾಲಿ ಜೀಪಿನ ಹಗ್ಗವನ್ನು ಸೊಂಟಕ್ಕೆ ಬಿಗಿದಾಗಿತ್ತು. ಇನ್ನೊಂದು ಹಗ್ಗದ ತುದಿಗೆ ಕುಣಿಕೆ ಹಾಕಿ ಕೈಗೆ ಸುತ್ತಿಕೊಂಡಳು. ಆಮೇಲೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡತೊಡಗಿದಳು. ಒಬ್ಬ ಮನುಷ್ಯ ಸಾಯುತ್ತಿರುವಾಗ ಈಕೆ ಧ್ಯಾನಕ್ಕೆ ಕೂತಳಲ್ಲ ಎಂದು ಖಂಡೆಪ್ಪ ಬಾಯಿ ಬಾಯಿ ಬಡಿದುಕೊಂಡ. ಅವಸರ ಮಾಡಿದರೆ ಇಬ್ಬರನ್ನೂ ಕಳೆದುಕೊಳ್ಳುತ್ತೇವೆಂದು ದಾಕ್ಷಾಯಿಣಿ ಅವನನ್ನು ತಡೆದು, ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟಳು.

ರೂಪಾಲಿ ಕಣ್ಣು ತೆರೆದಳು. "ನಾ ಮ್ಯಾಲ ಬಂದ ಮ್ಯಾಗ ನನ್ನ ಮುಖಾನ ನೋಡ್ರಿ ಮೇಡಂ. ಕಣ್ಣ ತೇಲಿದ್ರ ಮುಖಕ್ಕ ಜೋರಾಗಿ ಊದ್ರಿ, ಗಲ್ಲಕ್ಕ ಬಡೀರಿ, ಹೆಸರ ಹಿಡದ ಕರೀರಿ." ಇಷ್ಟು ಹೇಳಿ, ಎದೆ ತುಂಬ ಗಾಳಿ ಎಳೆದುಕೊಂಡು ಇಳಿದಳು.

ಇಂದುಬಾಯಿ ಣಮೋಕಾರ ಮಂತ್ರ ಹೇಳುತ್ತಿದ್ದರು, ಕಾಶೆವ್ವ ಬಸವಣ್ಣನನ್ನು ಕೂಗುತ್ತಿದ್ದಳು. ಒಳಗೆ ಬ್ಯಾಟರಿಯ ಬೆಳಕಿನಲ್ಲಿ ಅವಳ ಕೈಗಳು ಯಾವ ಗಡಿಬಿಡಿಯೂ ಇಲ್ಲದೆ ಕುಣಿಕೆಯನ್ನು ಮಾಲಿಂಗಪ್ಪನ ಕಂಕುಳಡಿ ಸೇರಿಸುತ್ತಿದ್ದವು. ಹಗ್ಗ ಎರಡು ಸಲ ಜಗ್ಗಿತು. ಖಂಡೆಪ್ಪನೂ ಓಡಿಬಂದ ನೆರೆಯವರೂ ಸೇರಿ ಎಳೆದರು. ಇಕ್ಕಟ್ಟಾದ ಬಾಯಿಯಲ್ಲಿ ಭುಜ ಸಿಕ್ಕಿಕೊಂಡಿತು. ಒಳಗಿನಿಂದ ರೂಪಾಲಿ ಒತ್ತಿ ತಿರುಗಿಸಿದಳು, ಮನುಷ್ಯ ಹೊರಬಂದ. ಅವನ ಹಿಂದೆಯೇ ಅವಳನ್ನು ಎಳೆದುಕೊಂಡರು. ದಾಕ್ಷಾಯಿಣಿ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ರೂಪಾಲಿ ಮೂರು ಸಲ ಉಸಿರೆಳೆದು, "ನಾ ಆರಾಮ ಅದೇನಿ, ಅವನ್ನ ನೋಡ್ರಿ" ಅಂದಳು. ಮಾಲಿಂಗಪ್ಪ ಕೆಮ್ಮಿದ. ಅಷ್ಟು ಸಿಹಿಯಾದ ಕೆಮ್ಮನ್ನು ದಾಕ್ಷಾಯಿಣಿ ಜೀವಮಾನದಲ್ಲಿ ಕೇಳಿರಲಿಲ್ಲ.

ಹಗೇವಿನ ಗಾಳಿ ತಿಳಿಯಾದ ಮೇಲೆ ಚೀಲವನ್ನು ಎತ್ತಿ, ಬೂಟುಗಳನ್ನು ಪಂಚರ ಮುಂದೆ ಜಪ್ತು ಮಾಡಿದರು. ಮೂಡಲಗಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ಸಂಜೆಗೆ ವೈದ್ಯರು ಮಾತಾಡಿಸಬಹುದು ಅಂದರು. ಕಾಶೆವ್ವ ಮೊಮ್ಮಗಳ ಜೊತೆ ಊರಲ್ಲೇ ಉಳಿದಿದ್ದಳು, ಮಂಚದ ಪಕ್ಕ ರೂಪಾಲಿಯೂ ಇಂದುಬಾಯಿಯೂ ಇದ್ದರು. ದಾಕ್ಷಾಯಿಣಿ ಸ್ಟೂಲು ಎಳೆದು ಕೂತಳು.

"ಬೂಟ್ ನೀನ ತಗೊಂಡಿಯೇನು?"

"ಹೌದ್ರಿ ಸಾಹೇಬ್ರ."

"ಯಾಕ?"

"ಬೂಟ್ ಇಲ್ಲಂದ್ರ ಹೋಗಂಗಿಲ್ಲ ಅಂತ."

"ಹೋದ್ರ ನಿನಗೇನಾಗ್ತಿತ್ತು?"

"ಅಂಜಿಕಿ ಆತ್ರಿ. ಪಂಚಮಿಗೆ ಬಂದಾಗ ಈಕಿನ ಅಂದ್ಲು, ಅಲ್ಲಿ ಮ್ಯಾಲೂ ನೀರಿನ ಬುಡದಂಗ, ಉಸರ ಸಿಗಂಗಿಲ್ಲಂತ."

"ಎಷ್ಟೋ ಮಂದಿ ಹತ್ತಿ ಬರ್ತಾರ. ಈಕಿ ಏನ್ ಹೊಸಬಳಾ? ನಿನಗೊಬ್ಬಗ ಯಾಕ ಅಂಥಾ ಅಂಜಿಕಿ?"

ಮಾಲಿಂಗಪ್ಪ ರೂಪಾಲಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದ. ದಾಕ್ಷಾಯಿಣಿ ಇನ್ನೊಮ್ಮೆ ಕೇಳಿದಳು. ಅವನು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ.

"ಅಂವ ಹೇಳಂಗಿಲ್ರಿ," ಅಂದಳು ರೂಪಾಲಿ. ತಾಯಿಯ ಕಡೆ ನೋಡದೆ ಮಾತಾಡಿದಳು. "ನಾನ ಆಣಿ ಹಾಕ್ಸೇನಿ. ಆವತ್ತ ಬಾವಿ ಮೆಟ್ಟಲದ ಮ್ಯಾಲ ನಿಂತಿದ್ದ ಇವನ ಕೈಗೆ ನಂದಿನಿನ್ನ ಕೊಟ್ಟೆ. ಇಂವ ಮ್ಯಾಲಿನವರ ಕೈಗೆ ದಾಟಿಸಿದ. ಎಲ್ಲಾರೂ ಕೂಸಿನ ಬೆನ್ನ ಹತ್ತಿ ಓಡಿದ್ರು. ನನಗ ಅಷ್ಟರಾಗ ಎಚ್ಚರ ತಪ್ಪಿತ್ತು. ನೀರ ನನ್ನ ಹೊಳ್ಳಿ ಎಳಕೊಂತು. ನೋಡಿದಾಂವ ಇಂವ ಒಬ್ಬನ. ಮಗಳ ಬದಕ್ಯಾಳೋ ಇಲ್ಲೋ ಅನ್ನೂದ ಸೈತ ಗೊತ್ತಿಲ್ಲದ, ಈಜಾಕ ಬರಲಾರದಾಂವ ಎದಿಮಟ ನೀರಿಗಿಳದ ನನ್ನ ಕೂದಲಾ ಹಿಡದ ಎತ್ತಿದ. ಮುಖಕ್ಕ ಊದಿದ, ಗಲ್ಲಕ್ಕ ಬಡದ. ಇಂವ ಇರಲಿಲ್ಲಂದ್ರ ನಾ ಅಲ್ಲೇ ಹೋಗಿದ್ದೆ. ಅವ್ವಗ ಗೊತ್ತಾದ್ರ ನನ್ನ ನೀರಿಗೆ ಬಿಡಂಗಿಲ್ಲಂತ, ಯಾರಿಗೂ ಹೇಳಬ್ಯಾಡ ಅಂದೆ. ಎರಡ ವರ್ಷ ಮಂದಿ ನನಗ ಹಾರಾ ಹಾಕಿದ್ರು, ನಾ ಹಾಕ್ಕೊಂಡೆ. ಇವಗ ಒಂದ ಮಾತ ಉಪಕಾರ ಆತಂತ ಅನಲಿಲ್ಲ."

ಆಕೆ ಮಂಚದ ಬಳಿ ಹೋಗಿ ಅವನ ಪಾದ ಮುಟ್ಟಿದಳು. "ಈಗ ಅಂತೇನಿ ಅಣ್ಣಾ. ನನ್ನ ಜೀವಾ ನೀ ಕೊಟ್ಟದ್ದು."

"ಹುಚ್ಚೀ, ಏಳ," ಅಂದ ಮಾಲಿಂಗಪ್ಪ. "ಇವತ್ತ ನೀ ಹೊಳ್ಳಿ ಕೊಟ್ಟೀದಿ. ನಾ ಅಂದ್ಕೊಂಡಿದ್ದಿಷ್ಟ, ಅಲ್ಲಿ ಗುಡ್ಡದ ಮ್ಯಾಲ ನಿನ್ನ ಕೂದಲಾ ಹಿಡ್ಯಾಕ ಯಾರಿರ್ತಾರ?"

ಇಂದುಬಾಯಿ ಮಗಳನ್ನು ಬೈಯುತ್ತಾರೆಂದು ಎಲ್ಲರೂ ಕಾದರು. ಬೈಯಲಿಲ್ಲ. ಮಾಲಿಂಗಪ್ಪನ ಒರಟು ಕೈಗಳೆರಡನ್ನೂ ಹಿಡಿದು ತಮ್ಮ ಕಣ್ಣಿಗೊತ್ತಿಕೊಂಡರು. "ನಿನ್ನ ಹೊಟ್ಟಿ ತಂಪಿರ್ಲಿ ಮಗನ," ಎಂದು ಅತ್ತರು. ಖಂಡೆಪ್ಪ ಸೆಕೆಯೆಂದು ನೆಪ ಹೇಳಿ ಟೋಪಿ ತೆಗೆದು ಮುಖ ಒರೆಸಿಕೊಂಡ. ದಾಕ್ಷಾಯಿಣಿ ನೆಪವನ್ನೂ ಹೇಳಲಿಲ್ಲ.

"ನೀ ಬ್ಯಾಡ ಅಂದ್ರ ನಾ ಹೋಗಂಗಿಲ್ಲ ಅಣ್ಣಾ," ಅಂದಳು ರೂಪಾಲಿ.

ಅವನು ದಿಂಬು ಬಿಟ್ಟು ನೇರ ಕೂತ. "ಇವತ್ತ ಇಳ್ಯೂ ಮುಂಚೆ, ಮುಖಾ ನೋಡ್ರಿ ಅಂತ ಈ ಸಾಹೇಬ್ರಿಗೆ ಹೇಳಿದ್ಯಂತ. ನಿಮ್ಮವ್ವ ಹೇಳಿದ್ರು. ಅಲ್ಲೂ ಹಂಗ ಹೇಳ್ತಿಯಾ? ಆಗಂಗಿಲ್ಲ ಅನಸಿದ್ರ ಹೊಳ್ಳಿ ಬರ್ತಿಯಾ?"

"ಬರ್ತೇನಿ. ಖರೆ ಬರ್ತೇನಿ."

"ಹಂಗಾರ ಹೋಗ."

ಕಾನೂನಿಗೆ ಕಣ್ಣೀರು ಕಾಣುವುದಿಲ್ಲ, ಕಾಗದ ಬೇಕು. ಬೂಟು ಈಗ ಮುದ್ದೆಮಾಲು, ಕೋರ್ಟಿನ ಅಪ್ಪಣೆಯಿಲ್ಲದೆ ಕೊಡುವಂತಿಲ್ಲ. ಸೋಮವಾರ ಬೆಳಿಗ್ಗೆ ಕೋರ್ಟಿಗೆ ಅರ್ಜಿ ಹಾಕಿದರೆ ತನ್ನ ತಕರಾರಿಲ್ಲವೆಂದು ಬರೆದುಕೊಡುವುದಾಗಿ ದಾಕ್ಷಾಯಿಣಿ ರೂಪಾಲಿಗೆ ಹೇಳಿದಳು. ಜಾಮೀನಿಗೆ ನಾನೇ ಬಂದು ನಿಲ್ಲುತ್ತೇನೆ ಎಂದು ಗೊಮ್ಮಟೇಶ ಕಾಕಾ ಫೋನಿನಲ್ಲೇ ಗುಡುಗಿದ. ಆರೂವರೆಗೆ ಮಾಲಿಂಗಪ್ಪನ ಬಂಧನವಾಯಿತು. ಖಂಡೆಪ್ಪ ಮೆಮೊ ಬರೆಯತೊಡಗಿದ.

"ಬಂಧನದ ಸುದ್ದಿ ಯಾರಿಗೆ ತಿಳಸೂಣು? ನಿಮ್ಮ ಅವ್ವಗ?"

"ಬ್ಯಾಡ್ರಿ, ಮುದುಕಿ ಎದಿ ಒಡಕೋತಾಳ. ನನ್ನ ತಂಗಿಗೆ ತಿಳಸ್ರಿ."

"ತಂಗಿ ಯಾವ ಊರಾಗಿರ್ತಾಳ?"

ಮಾಲಿಂಗಪ್ಪ ಗದ್ದ ಎತ್ತಿ ತೋರಿಸಿದ. "ಇಲ್ಲೇ ನಿಂತಾಳಲ್ರಿ."

ಖಂಡೆಪ್ಪನ ಪೆನ್ನು ನಿಂತಿತು. "ಮೇಡಂ, ಫಿರ್ಯಾದಿನೂ ಆಕಿನ, ಆರೋಪಿ ಸಂಬಂಧಿಕಳೂ ಆಕಿನ ಅಂತ ಬರದ್ರ ಕೋರ್ಟ್ ನಗೂದಿಲ್ರ್ಯಾ?"

"ನಗಲಿ," ಅಂದಳು ದಾಕ್ಷಾಯಿಣಿ. "ಖರೆ ಇದ್ದದ್ದ ಬರಿ."

ಖಂಡೆಪ್ಪ ಬರೆದ: ರೂಪಾಲಿ ಶಾಂತಿನಾಥ ಚೌಗಲಾ, ಸಂಬಂಧ ತಂಗಿ. ರೂಪಾಲಿ ಅದನ್ನು ಎರಡು ಸಲ ಓದಿ ಸಹಿ ಮಾಡಿದಳು.